ತುಟಿಮಾತು

“ನಾಯಿ ಕೂಡ ತನ್ನ ಮರಿ ಮುಂದೆ ಬೊಗಳುತ್ತಪ್ಪಾ. ಅದನ್ನ ಕೇಳಿ ಮರಿ ಬೊಗಳೋದು ಕಲಿಯುತ್ತೆ. ನಿಮ್ಮ ಮನೇಲಿ ಅಷ್ಟೂ ಇಲ್ವಲ್ಲ.”

ಭಾವ ಇದನ್ನು ಹೇಳಿದ್ದು ಇಡೀ ಬಳಗ ಊಟಕ್ಕೆ ಕೂತಿದ್ದಾಗ. ಹೊಸದಾಗಿ ಕಟ್ಟಿಸಿದ ಮಹಡಿ ತೋರಿಸಲೆಂದು ಎಲ್ಲರನ್ನೂ ಕರೆದಿದ್ದ. ಕರೆದವನು ಮಹಡಿ ತೋರಿಸಿ ಸುಮ್ಮನಿರಬೇಕಿತ್ತು. ಇಲ್ಲ, ಮೊದಲ ತುತ್ತು ಗಂಟಲಲ್ಲಿ ಇಳಿಯುವ ಮುಂಚೆಯೇ ತಂಗಿಯ ಗಂಡನ ಮಾನ ಹರಾಜಿಗಿಟ್ಟ.

ಹರಾಜಿಗೆ ಬಿದ್ದವನನ್ನು ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಸಿಡುಕ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಅವನ ಕಿವಿಯ ತುದಿ ಕೆಂಪಾಯಿತು. ಎದುರಿಗಿದ್ದ ಚಿಕ್ಕಪ್ಪನಿಗೆ ನಕ್ಕು ನೆತ್ತಿಗೇರಿತು. ಅತ್ತೆ ತಟ್ಟೆಯೊಳಗೆ ಏನೋ ಕಳೆದುಹೋದಂತೆ ಹುಡುಕತೊಡಗಿದಳು. ಹೆಂಡತಿ ಮಾತ್ರ ಗಂಡನ ಕಡೆ ತಿರುಗಿ ತುಟಿ ಆಡಿಸಿದಳು: ‘ಬೇಡ. ಸುಮ್ಮನಿರು.’ ದನಿ ಇಲ್ಲ. ಮಗ್ಗದವರ ಅಭ್ಯಾಸ ಅದು.

ಇಷ್ಟಕ್ಕೆಲ್ಲ ಕಾರಣವಾದ ಮಗಳು ಅಜ್ಜಿಯ, ಅಂದರೆ ಅದೇ ಅತ್ತೆಯ, ತೊಡೆಯ ಮೇಲೆ ಕೂತಿದ್ದಳು. ಮೂರು ತುಂಬಿತ್ತು, ಬಳಗದವರು ಯಾರೂ ಅವಳ ಒಂದು ಮಾತನ್ನೂ ಕೇಳಿರಲಿಲ್ಲ. ಮನೆಯಲ್ಲಿ ಅವಳಿಗೆ ಗುಬ್ಬಿ ಎಂದು ಹೆಸರು. ಅವಳ ತುಟಿ ಅಲುಗಿದ್ದು ಕಂಡರೆ ಸಾಕು, ಅಜ್ಜಿ, “ಪಾಪ, ಬಾಯಿ ಆಡಿಸ್ತಾ ಇದೆ, ಹಸಿವು” ಅನ್ನುತ್ತ ಒಂದು ತುತ್ತು ತುರುಕುತ್ತಿದ್ದಳು. ಗುಬ್ಬಿ ಅದನ್ನು ಅಜ್ಜಿಯ ಸೀರೆಗೇ ಉಗಿಯುತ್ತಿದ್ದಳು.

ಭಾವನದು ಚಿಕ್ಕ ಮಕ್ಕಳಿಗೆ ಪಾಠ ಹೇಳುವವರಿಗೆ ಪಾಠ ಹೇಳುವ ಕೆಲಸ. ಅಂದರೆ ಮಕ್ಕಳಿಗೂ ಅವನಿಗೂ ನಡುವೆ ಯಾವಾಗಲೂ ಇನ್ನೊಬ್ಬರು ಇರುತ್ತಿದ್ದರು, ಅದು ಮಕ್ಕಳ ಪುಣ್ಯ. ಈಗ ಆ ನಡುವಿನವರು ಯಾರೂ ಇರಲಿಲ್ಲವಾಗಿ, ಬಳಗವೇ ಕ್ಲಾಸ್ ರೂಮಾಯಿತು.

“ನೋಡಿ, ಮಗು ಮಾತು ಹೇಗೆ ಕಲಿಯುತ್ತೆ ಅನ್ನೋದಕ್ಕೆ ಮುಖ್ಯವಾಗಿ ಮೂರು ವಾದ ಇವೆ. ಒಂದು, ಮಗು ಹುಟ್ಟೋವಾಗ ಖಾಲಿ ಪಾತ್ರೆ. ಕೇಳಿದ್ದನ್ನ ತುಂಬಿಕೊಳ್ಳುತ್ತೆ. ಸರಿಯಾಗಿ ಅಂದ್ರೆ ಶಭಾಷ್ ಅಂತೀವಿ, ತಪ್ಪಿದ್ರೆ ತಿದ್ತೀವಿ. ಎರಡು, ಹಾಗಲ್ಲ, ಮಾತಿನ ಕಟ್ಟು ಹುಟ್ಟುವಾಗಲೇ ತಲೇಲಿ ಇರುತ್ತೆ, ಬೀಜದೊಳಗೆ ಗಿಡ ಇದ್ದ ಹಾಗೆ. ನಾಲ್ಕು ಹನಿ ನೀರು ಬಿದ್ರೆ ತಾನೇ ಏಳುತ್ತೆ. ಮೂರು, ತಾಯಿ ಒಂದು ಅಂದು, ಮಗು ಒಂದು ಅಂದು, ಹೀಗೆ ಕೊಟ್ಟು ತಗೊಂಡೇ ಮಾತು ಬೆಳೆಯೋದು.”

“ನಮ್ಮ ಗುಬ್ಬಿ ಯಾವುದರಲ್ಲಿ ಬರ್ತಾಳಪ್ಪಾ?” ಚಿಕ್ಕಪ್ಪ ಕೇಳಿದ.

“ಯಾವುದು ಹಿಡಿದ್ರೂ ಅಷ್ಟೇ, ಚಿಕ್ಕಪ್ಪ. ಪಾತ್ರೆಗೆ ಇವರು ಏನೂ ತುಂಬಿಲ್ಲ. ಬೀಜಕ್ಕೆ ನೀರು ಹಾಕಿಲ್ಲ. ಇನ್ನು ಕೊಟ್ಟು ತಗೊಳ್ಳೋದು ಅಂದ್ರೆ, ಇವನಿಗೆ ಏಟು ಬಿಟ್ರೆ ಬೇರೆ ಗೊತ್ತಿಲ್ಲ.”

ಮೂರು ವಾದ, ಮೂರರಲ್ಲೂ ಅಪರಾಧಿ ಒಬ್ಬನೇ. ಇಷ್ಟು ಬೇಗ ತೀರ್ಪು ಕೋರ್ಟಿನಲ್ಲೂ ಸಿಗುವುದಿಲ್ಲ.

“ನನ್ನ ಮಗಳು ಮಾತಾಡ್ತಾಳೆ” ಅಂದ ಸಿಡುಕ. “ಮನೇಲಿ ಬಾಯೇ ಮುಚ್ಚಲ್ಲ. ಇವತ್ತು ಬೆಳಿಗ್ಗೆ, ಹಾಲಲ್ಲಿ ಕೆನೆ ಇದೆ ತೆಗಿ ಅಂದಳು. ತೆಗೆದೆ. ಇನ್ನೊಂದು ಚೂರು ಅಲ್ಲಿ ಈಜಾಡ್ತಾ ಇದೆ ಅಂದಳು. ಕೆನೆ ಈಜಾಡುತ್ತೆ ಅಂತ ನಾನು ಹೇಳಿಕೊಟ್ಟಿಲ್ಲ, ಅವಳಮ್ಮನೂ ಹೇಳಿಕೊಟ್ಟಿಲ್ಲ. ನಿಮ್ಮ ಪಾತ್ರೆಗೆ ಅದನ್ನ ಯಾರು ತುಂಬಿದ್ರು ಭಾವ?”

“ಕೇಳಿದ್ರಾ? ಈಜಾಡ್ತಾ ಇದೆಯಂತೆ.” ಭಾವ ಬಳಗದ ಕಡೆ ತಿರುಗಿದ. “ಇಲ್ಲಿ ನಮ್ಮೆಲ್ಲರ ಮುಂದೆ ಒಂದು ಅಕ್ಷರ ಇಲ್ಲ. ಮನೇಲಿ ಮಾತ್ರ ಕವಿತೆ. ಸುಳ್ಳು ಹೇಳು, ಬೇಡ ಅನ್ನಲ್ಲ. ಮಗು ಹೆಸರಲ್ಲಿ ಹೇಳಬೇಡ.”

“ಹೊರಗಡೆ ನಾಚಿಕೆ ಅಣ್ಣ ಅವಳಿಗೆ. ಮನೇಲಿ ನಿಜವಾಗ್ಲೂ ಆಡ್ತಾಳೆ” ಅಂದಳು ಹೆಂಡತಿ.

“ನೀನು ಸುಮ್ಮನಿರಮ್ಮ. ಒಂದು ಕೆಲಸ ಮಾಡೋಣ. ನಮ್ಮ ಕಾಲೇಜಲ್ಲಿ ಮಕ್ಕಳ ಕೋಣೆ ಇದೆ, ಮಾತು ತಡವಾದ ಮಕ್ಕಳನ್ನ ನೋಡೋ ಮೇಡಂ ಇದಾರೆ. ಅಲ್ಲಿಗೆ ಕರ್ಕೊಂಡು ಬನ್ನಿ. ಅವರೆದುರಿಗೆ ಒಂದು ಮಾತು, ಒಂದೇ ಒಂದು, ಆಡಲಿ. ನಾನು ಈ ಬಾಯಿ ಮುಚ್ತೀನಿ. ಆಡಲಿಲ್ಲ ಅಂದ್ರೆ, ಶಾಲೆಗೆ ಸೇರೋವರೆಗೂ ಮಗು ನಮ್ಮ ಮನೇಲಿರಲಿ. ಮನುಷ್ಯರ ಮಾತು ಕಿವಿಗೆ ಬಿದ್ದು ಬೆಳೀಲಿ. ಏನಂತೀಯಪ್ಪಾ?”

ಸಿಡುಕನಿಗೆ ಯೋಚನೆ ಬರುವುದು ಯಾವಾಗಲೂ ಮಾತು ಹೋದ ಮೇಲೆ.

“ಆಯ್ತು” ಅಂದ.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೆಂಡತಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಅದು ಕೂಡ ದನಿಯಿಲ್ಲದೆ, ಮುಖವನ್ನು ಅವನ ಮುಖದೆದುರು ತಂದು, ಹಿಮ್ಮುಖವಾಗಿ ಹೆಜ್ಜೆ ಇಡುತ್ತ. ‘ಹೆತ್ತವಳು ನಾನು. ಪಣಕ್ಕಿಡೋಕೆ ನೀನ್ಯಾರು? ಅವಳೇನು ಇಸ್ಪೀಟ್ ಎಲೆಯಾ?’ ಎದುರಿಗೆ ಬಂದ ದಂಪತಿ, ಪಾಪ ಎಷ್ಟು ಅನ್ಯೋನ್ಯ, ಕಣ್ಣಲ್ಲಿ ಕಣ್ಣಿಟ್ಟು ನಡೀತಿದಾರೆ ಅನ್ನುವ ಹಾಗೆ ನಕ್ಕು ದಾಟಿದರು.

‘ಮಾತಾಡ್ತಾಳೆ ಬಿಡೇ’ ಅಂದ ಅವನೂ ತುಟಿಯಲ್ಲೇ. ‘ಮಾತಾಡೋ ಮಗೂನ ಮಾತಾಡುತ್ತೆ ಅಂತ ತೋರಿಸೋಕೆ ಏನು ಕಷ್ಟ?’

ಅವರ ಮನೆಗೂ ಮಗ್ಗದ ಶೆಡ್ಡಿಗೂ ಇದ್ದದ್ದು ಒಂದೇ ಗೋಡೆ. ಆಚೆ ಸಾಲಾಗಿ ಕರೆಂಟಿನ ಮಗ್ಗಗಳು, ಈಚೆ ಒಲೆ, ಹಾಸಿಗೆ, ಬಟ್ಟೆ ಒಣಗಿಸುವ ಹಗ್ಗ. ನೂಲು ಹೊತ್ತ ಲಾಳಿ ಅತ್ತಿಂದಿತ್ತ ಬಡಿದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ಹಲ್ಲು ಕಡಿಯುತ್ತಿದ್ದವು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯ ಕೋಲು ಕಿತ್ತು ಮುರಿದು ಶಾಲೆಗೆ ಬೆನ್ನು ಹಾಕಿದ ಸಿಡುಕ ನೇರ ಬಂದು ಸೇರಿದ್ದು ಆ ಶೆಡ್ಡಿಗೆ. ಹೆಂಡತಿ ಬಂದದ್ದು ಅಣ್ಣನ ಓದು ನಿಲ್ಲಬಾರದೆಂದು ತನ್ನ ಓದು ನಿಲ್ಲಿಸಿ, ಲಾಳಿಯೊಳಗಿಡುವ ಕಂಡಿಕೆಗಳಿಗೆ ನೂಲು ಸುತ್ತಲು. ಈ ಮಾತನ್ನು ಅಣ್ಣ ಯಾವ ಊಟದ ಹೊತ್ತಿನಲ್ಲೂ ಎತ್ತುತ್ತಿರಲಿಲ್ಲ.

ಶೆಡ್ಡಿನಲ್ಲಿ ಕಿರುಚಿದರೂ ಪಕ್ಕದವನಿಗೆ ಕೇಳಿಸದು. ಕಿರುಚಿ ಕಿರುಚಿ ಗಂಟಲು ಹರಿದುಕೊಂಡವರೆಲ್ಲ ಕೊನೆಗೆ ಗಂಟಲನ್ನೇ ಬಿಟ್ಟು ತುಟಿಗೆ ಬಂದಿದ್ದರು. ಬಾಯನ್ನು ಅಗಲಿಸಿ, ಹುಬ್ಬು ಏರಿಸಿ, ಒಂದೊಂದು ಮಾತನ್ನೂ ಮುಖದ ಮೇಲೆ ಬರೆಯುತ್ತಿದ್ದರು. ಅದಕ್ಕೆ ತುಟಿಮಾತು ಅನ್ನುತ್ತಿದ್ದರು. ಮಾಲೀಕ ನಡುವೆ ನಿಂತಿದ್ದಾಗಲೇ ಅವನ ಹೊಟ್ಟೆಯ ಸುತ್ತಳತೆಯ ಬಗ್ಗೆ ಇಡೀ ಶೆಡ್ಡು ಹರಟೆ ಹೊಡೆಯುತ್ತಿತ್ತು. ಸಿಡುಕ ಅವಳನ್ನು ಕೇಳಿದ್ದೂ ಹಾಗೆಯೇ, ನಾಲ್ಕು ಮಗ್ಗದ ಆಚೆಯಿಂದ. ಅವಳು ಹೂಂ ಅಂದದ್ದೂ ಹಾಗೆಯೇ. ಮದುವೆಯಾದ ಮೇಲೆ ಹಿರಿಯರೆದುರು ದನಿ ತೆಗೆದು ಮಾತಾಡುವಾಗ ಅವನು ‘ನೀವು’ ಆದ. ತುಟಿಯಲ್ಲಿ ಮಾತ್ರ ಅವತ್ತಿಗೂ ಇವತ್ತಿಗೂ ‘ನೀನು’. ಆ ಮಾತಿಗೆ ಬಹುವಚನದ ಹಂಗಿರಲಿಲ್ಲ.

ಅವನಿಗೆ ಆಗಲೇ ಒಂದು ಕಿವಿ ಮಂದ. ಮಗ್ಗ ನಿಂತ ದಿನವೂ ಒಳಗೆ ಗುಂಯ್ ಅನ್ನುತ್ತಿತ್ತು. ಅದರಿಂದ ಏನು ಹೋಗುತ್ತಿದೆ ಎಂದು ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಕಣ್ಣಿತ್ತಲ್ಲ.

ಕಾಲೇಜಿನ ಮಕ್ಕಳ ಕೋಣೆಯ ಗೋಡೆಗೆ ತಿಳಿಹಳದಿ ಬಣ್ಣ. ನೆಲಕ್ಕೆ ಮೆತ್ತನೆಯ ಚಾಪೆ. ಮೂಲೆಯಲ್ಲಿ ಗೊಂಬೆಗಳ ಬುಟ್ಟಿ. ಮೇಡಂ ತಲೆ ನರೆತ, ಕಡಿಮೆ ಮಾತಿನ ಹೆಂಗಸು. ಮಗುವಿನ ಕಿವಿ ಪರೀಕ್ಷೆಯ ಚೀಟಿ ನೋಡಿ, “ಕಿವಿ ಚೆನ್ನಾಗಿದೆ” ಅಂದರು. ತಮ್ಮ ಫೋನನ್ನು ರೆಕಾರ್ಡಿಗೆ ಹಾಕಿ ಗೊಂಬೆಗಳ ನಡುವೆ ಇಟ್ಟರು. “ನೀವಿಬ್ರೂ ಮಗು ಜೊತೆ ಆಡ್ಕೊಳ್ಳಿ. ನಾವಿಲ್ಲ ಅಂದ್ಕೊಳ್ಳಿ.”

ಇಲ್ಲ ಅಂದುಕೊಳ್ಳುವುದಾದರೂ ಹೇಗೆ? ಬಾಗಿಲಲ್ಲಿ ಭಾವ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದ. ಹಿಂದೆ ಅವನ ವಿದ್ಯಾರ್ಥಿಗಳ ಹಿಂಡು. ಬೇಟೆ ನೋಡಲು ಬಂದವರ ಹಾಗೆ ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು.

ಗುಬ್ಬಿಗೆ ಜನರ ಪರಿವೆ ಇರಲಿಲ್ಲ. ಬುಟ್ಟಿಯಿಂದ ಒಂದು ಮರದ ಕುದುರೆ ಎಳೆದಳು. ಅದಕ್ಕೆ ಒಂದು ಕಾಲು ಇರಲಿಲ್ಲ.

‘ಅಪ್ಪ, ಇದರ ಕಾಲು ಯಾರು ತಿಂದ್ರು?’ ಅಂದಳು.

ಸಿಡುಕನ ಎದೆ ಉಬ್ಬಿತು. “ಯಾರೂ ತಿಂದಿಲ್ಲಮ್ಮ, ಮುರಿದುಹೋಗಿದೆ” ಅಂದ, ಬಾಗಿಲವರೆಗೂ ಕೇಳುವ ಹಾಗೆ.

‘ನಿಲ್ಲಕ್ಕಾಗಲ್ಲ ಇದಕ್ಕೆ.’

“ಹೂಂ, ಆಗಲ್ಲ.”

‘ಹಾಗಾದ್ರೆ ಮಲಗಿಕೊಂಡೇ ಓಡುತ್ತೆ.’ ಕುದುರೆಯನ್ನು ಮಗ್ಗುಲಿಗೆ ಮಲಗಿಸಿ ಚಾಪೆಯ ಮೇಲೆ ಉಜ್ಜಿಕೊಂಡು ಓಡಿಸಿದಳು.

ಅವನಿಗೆ ನಗು ತಡೆಯಲಾಗಲಿಲ್ಲ. ಬಾಗಿಲ ಕಡೆ ತಿರುಗಿದ. “ಕೇಳಿಸ್ತಾ ಭಾವ? ಮಲಗಿಕೊಂಡೇ ಓಡುತ್ತಂತೆ. ಇದನ್ನೂ ನಾನು ಹೇಳಿಕೊಟ್ಟಿಲ್ಲ. ಈಗ ಮುಚ್ತೀರಾ ಬಾಯಿ?”

ಬಾಗಿಲಲ್ಲಿ ಯಾರೂ ನಗಲಿಲ್ಲ. ಒಬ್ಬಳು ಹುಡುಗಿ ಪಕ್ಕದವಳ ಮುಖ ನೋಡಿದಳು. ಭಾವನ ಹುಬ್ಬುಗಳು ಮೇಲೇರಿ ಅಲ್ಲೇ ನಿಂತವು. ಸಿಡುಕ ಹೆಂಡತಿಯ ಕಡೆ ನೋಡಿದ. ಅವಳು ಮಗುವಿನ ಬಾಯನ್ನೇ ನೋಡುತ್ತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

ಮೇಡಂ ಬಂದು ಫೋನ್ ಎತ್ತಿಕೊಂಡರು. ರೆಕಾರ್ಡಾದದ್ದನ್ನು ಮೊದಲಿನಿಂದ ಕೇಳಿಸಿದರು.

ಬುಟ್ಟಿ ಎಳೆದ ಸದ್ದು. ಮೌನ. “ಯಾರೂ ತಿಂದಿಲ್ಲಮ್ಮ, ಮುರಿದುಹೋಗಿದೆ.” ಮೌನ. “ಹೂಂ, ಆಗಲ್ಲ.” ಮೌನ. ಚಾಪೆಯ ಮೇಲೆ ಮರ ಉಜ್ಜಿದ ಸದ್ದು. ಒಬ್ಬ ಗಂಡಸಿನ ನಗು.

ಖಾಲಿ ಕೋಣೆಯಲ್ಲಿ ತನ್ನಷ್ಟಕ್ಕೆ ಬಡಬಡಿಸುವ ಹುಚ್ಚನ ಹಾಗಿತ್ತು.

“ಇದು ಕೆಟ್ಟಿದೆ” ಅಂದ ಸಿಡುಕ. “ನನ್ನ ಮಾತು ಮಾತ್ರ ಹಿಡಿದಿದೆ. ಅಥವಾ ನೀವೇ ಏನೋ ಮಾಡಿದ್ದೀರಿ. ಇವರು ನಿಮ್ಮ ಕಡೆಯವರು ತಾನೆ ಭಾವ? ಎಲ್ಲ ಸೇರಿ ನಾಟಕ ಆಡ್ತಾ ಇದೀರಾ?”

“ಕಣ್ಣು ಮುಚ್ಚಿ” ಅಂದರು ಮೇಡಂ.

“ಯಾಕೆ ಮುಚ್ಚಬೇಕು?”

“ಒಂದು ಸಲ ಮುಚ್ಚಿ. ಮುಚ್ಚಿಕೊಂಡು ಅವಳ ಹತ್ರ ಮಾತಾಡಿ.”

ಹಲ್ಲು ಕಚ್ಚಿ ಮುಚ್ಚಿದ. “ಗುಬ್ಬಿ, ಕುದುರೆ ಎಲ್ಲಿಗೆ ಹೋಯ್ತು?” ಅಂದ.

ಕಾದ. ಕಿವಿಯೊಳಗಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಸಲ ಕೇಳಿದ. ಏನೂ ಇಲ್ಲ. ಆಮೇಲೆ ಎರಡು ಪುಟ್ಟ ಕೈಗಳು ಅವನ ಕೆನ್ನೆಗೆ ಬಂದವು. ತಟ್ಟಿದವು. ಜೋರಾಗಿ ತಟ್ಟಿದವು. ಬೆರಳುಗಳು ರೆಪ್ಪೆಯನ್ನು ಹಿಡಿದು ಮೇಲಕ್ಕೆ ಎತ್ತಿದವು. ಎತ್ತಿದ ರೆಪ್ಪೆಯ ಎದುರಿಗೆ, ಮೂಗಿಗೆ ಮೂಗು ತಾಗುವ ಹಾಗೆ, ಮಗಳ ಮುಖ. ತುಟಿ ಆಡುತ್ತಿತ್ತು: ‘ಎಷ್ಟು ಸಲ ಹೇಳಲಿ, ಅಜ್ಜಿ ಮನೆಗೆ ಹೋಯ್ತು. ಕಣ್ಣು ಬಿಡು.’

ಎಲ್ಲವೂ ಸ್ಪಷ್ಟವಾಗಿತ್ತು. ದನಿಯೊಂದೇ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲ.

“ನೀವು ಇಲ್ಲಿ ದನಿ ತೆಗೆದು ಮಾತಾಡಿದ್ರಿ. ಮನೇಲಿ ಹೇಗೆ?” ಮೇಡಂ ಕೇಳಿದರು.

ಮನೆಯಲ್ಲಿ ಮಗಳ ಹೆಸರನ್ನು ಕೂಗಿದ್ದು ಯಾವಾಗ ಎಂದು ಅವನು ನೆನಪು ಕೆದಕಿದ. ನೆನಪಿಗೆ ಬಂದದ್ದೆಲ್ಲ ತುಟಿ. ತನ್ನದು, ಅವಳದು, ಅವಳಮ್ಮನದು. ಗೋಡೆಯಾಚೆ ಮಗ್ಗ ಬಡಿಯುವಾಗ ದನಿ ಇದೆಯೋ ಇಲ್ಲವೋ ಯಾರಿಗೆ ಬೇಕಿತ್ತು? ಮಗ್ಗ ನಿಂತಾಗಲೂ ಯಾರೂ ಅದನ್ನು ಹುಡುಕಿರಲಿಲ್ಲ. ತಮಗೆ ಅರ್ಥವಾದದ್ದು ತಮಗೆ ಕೇಳಿಸಿತೆಂದೇ ಇಬ್ಬರೂ ತಿಳಿದಿದ್ದರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. “ಇವಳಿಗೆ ಮಾತು ಪೂರ್ತಿ ಬಂದಿದೆ” ಅಂದರು. “ವಯಸ್ಸಿಗೆ ಮೀರಿ ಬಂದಿದೆ. ಅಳೋಕೆ, ನಗೋಕೆ ದನಿ ಇದೆ. ಮಾತಿಗೂ ದನಿ ಸೇರಿಸಬೇಕು ಅನ್ನೋದೊಂದು ಇವಳಿಗೆ ಗೊತ್ತಿಲ್ಲ. ಗದ್ದಲ ಬೇರೆ ಜನ ಮಾಡೋದು, ಮಾತು ಅಪ್ಪ ಅಮ್ಮ ಆಡೋದು ಅಂದ್ಕೊಂಡಿದ್ದಾಳೋ ಏನೋ. ಮನೇಲಿ ದನಿ ತೆಗೆದು ಮಾತಾಡಿ. ಮಗ್ಗ ನಿಂತ ಹೊತ್ತಲ್ಲಿ ಮಾತಾಡಿ, ಹೊರಗೆ ಕರ್ಕೊಂಡು ಹೋಗಿ ಮಾತಾಡಿ. ಅವಳು ತುಟಿ ಆಡಿಸಿದ್ರೆ ನೋಡಬೇಡಿ, ಉತ್ತರ ಕೊಡಬೇಡಿ. ಬೆನ್ನು ತಿರುಗಿಸಿ. ಬೆನ್ನಿಗೆ ತುಟಿ ಕಾಣಲ್ಲ. ಬೇಕು ಅನ್ನಿಸಿದಾಗ ದನಿ ಅವಳೇ ಹುಡುಕ್ಕೋತಾಳೆ. ಎಷ್ಟು ದಿನ ಅಂತ ನಾನು ಹೇಳಲಾರೆ. ಅಳ್ತಾಳೆ. ನಿಮ್ಮನ್ನ ಹೊಡೀತಾಳೆ. ಕರಗಬೇಡಿ.”

“ಇದು ಇವರ ಕೈಲಿ ಆಗೋ ಕೆಲಸ ಅಲ್ಲ ಮೇಡಂ” ಅನ್ನುತ್ತ ಭಾವ ಒಳಗೆ ಬಂದ. ಅವನ ಕಣ್ಣು ಹೊಳೆಯುತ್ತಿತ್ತು. ಸಿಡುಕ ಅವನನ್ನು ಕೋಪದಲ್ಲಿ ನೋಡಿದ್ದ, ಗರ್ವದಲ್ಲಿ ನೋಡಿದ್ದ. ಹೀಗೆ ಬಾಯಲ್ಲಿ ನೀರೂರಿದವನ ಹಾಗೆ ನೋಡಿರಲಿಲ್ಲ. “ಇಂಥದ್ದು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ನೋಡ್ರಪ್ಪಾ ಎಲ್ಲ, ಬನ್ನಿ ಒಳಗೆ. ಅನುಕರಣೆ ಇದೆ, ಯಾರೂ ಕಲಿಸದ ವಾಕ್ಯಾನೂ ಇದೆ, ಅಪ್ಪ ಮಗಳು ಕೊಟ್ಟು ತಗೊಳ್ಳೋದೂ ಇದೆ. ಮೂರೂ ವಾದಕ್ಕೆ ಒಂದೇ ಮಗು ಸಾಕ್ಷಿ. ನಮ್ಮ ಮನೇಲಿಟ್ಟುಕೊಂಡು ದಿನಾ ಬರೆದಿಡ್ತೀನಿ.” ಆಮೇಲೆ ಮೊಣಕಾಲೂರಿ ಕೂತು, ಒಂದು ಬಿಸ್ಕತ್ತನ್ನು ಗುಬ್ಬಿಯ ಮೂಗಿನೆದುರು ಆಡಿಸಿದ. “ಹೇಳು ಪುಟ್ಟಾ. ಬಿಸ್ಕತ್ ಅನ್ನು. ಬಿಸ್… ಕತ್…”

ವಿದ್ಯಾರ್ಥಿಗಳ ಫೋನುಗಳು ಒಂದೊಂದಾಗಿ ಮೇಲೆದ್ದವು.

ಗುಬ್ಬಿ ಮಾಮನ ಬಾಯನ್ನು ಎವೆಯಿಕ್ಕದೆ ನೋಡಿದಳು. ಅವಳ ತುಟಿ ಆಡಿತು: ‘ಈ ಮಾಮನ ಬಾಯಿ ನಾರುತ್ತೆ.’

“ನೋಡಿ, ನೋಡಿ, ಬಿಸ್ಕತ್ ಅಂದಳು” ಅಂದ ಭಾವ, ಹಿಗ್ಗಿನಿಂದ.

ಕೋಣೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತು, ನಗು ಬಂದರೆ ಅಳು ಬರುತ್ತಿತ್ತು. ಸಿಡುಕ ಬಗ್ಗಿ ಮಗಳನ್ನು ಎತ್ತಿಕೊಂಡು, ಫೋನುಗಳ ನಡುವೆ ಹೆಗಲು ತೂರಿಸಿ ಹೊರಗೆ ಬಂದ.

ಭಾವ ಅಂಗಳದವರೆಗೂ ಬೆನ್ನಟ್ಟಿದ. ಹಿಂದೆ ಅವನ ಹಿಂಡು, ಅವರ ಹಿಂದೆ ಹೆಂಡತಿ. ಗೇಟಿನ ಹತ್ತಿರ ಭಾವ ಅಡ್ಡ ನಿಂತ.

“ಎಲ್ಲಿಗೆ? ಎಲ್ಲರೆದುರಿಗೆ ಆಯ್ತು ಅಂದವನು ನೀನು. ಮಗು ಇಳಿಸು.”

ಗುಬ್ಬಿ ಕೊಸರಾಡಿ ತಾನೇ ಇಳಿದಳು. ಇಬ್ಬರ ನಡುವೆ ನಿಂತು ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡಿದಳು.

“ಮೇಡಂ ಹೇಳಿದ್ದು ಕೇಳಿಸ್ತಲ್ಲ? ಕರಗಬಾರದು ಅಂದ್ರು. ಮೂಗಿನ ತುದೀಲೇ ಕೋಪ ಇಟ್ಕೊಂಡಿರೋ ನಿನ್ನ ಕೈಲಿ ಆಗುತ್ತಾ? ಒಂದು ಹೊತ್ತು ತಡೀತೀಯಾ? ಅವಳು ಒಂದು ಸಲ ಮುಖ ಸಣ್ಣ ಮಾಡಿದ್ರೆ ಹೋಗಿ ತುಟಿ ನೋಡ್ತೀಯ. ನಿನಗೆ ಅಂಕೆ ಅನ್ನೋದು ಇದ್ದಿದ್ರೆ ಏಳನೇ ಕ್ಲಾಸು ದಾಟ್ತಿದ್ದೆ.” ಭಾವನ ದನಿ ಏರಿತು, ಕೇಳುವವರು ಇದ್ದಾರಲ್ಲ. “ಮೂರು ವರ್ಷ ಮಗಳ ದನಿ ಕೇಳದೇ ಇದ್ದವನು, ಅದು ಇಲ್ಲ ಅಂತಾನೂ ಗೊತ್ತಾಗದೇ ಇದ್ದವನು, ಅಪ್ಪ ಅಂತೆ. ಮಾತಾಡೋ. ಈಗ ನಿನ್ನ ದನಿ ಎಲ್ಲಿ ಹೋಯ್ತು?”

ಸಿಡುಕನ ಕೈ ಮುಷ್ಟಿಯಾಯಿತು. ಬಾಯಲ್ಲಿ ಬೇಕಾದಷ್ಟಿತ್ತು. ಭಾವನ ಓದು ಯಾರ ಬೆರಳ ನೂಲಿನಿಂದ ನಡೆಯಿತೆಂಬುದಿತ್ತು, ಬಿಸ್ಕತ್ತಿನ ನಿಜವಿತ್ತು, ನಾಯಿಯ ಬಾಕಿ ಇತ್ತು. ಆದರೆ ಮಗಳ ದನಿಯ ಬಗ್ಗೆ ಅವನು ಅಂದದ್ದು ನಿಜವಾಗಿತ್ತು. ನಿಜವನ್ನು ಇಂಥವನ ಬಾಯಿಂದ ಕೇಳುವುದಕ್ಕಿಂತ ಕೆಟ್ಟದ್ದಿಲ್ಲ.

ಹಿಂಡಿನ ಆಚೆ ಹೆಂಡತಿ ನಿಂತಿದ್ದಳು. ಅಣ್ಣನೆದುರು ಅವಳು ಎಂದೂ ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ. ಎಲ್ಲರ ತಲೆಗಳ ಮೇಲಿಂದ, ನಾಲ್ಕು ಮಗ್ಗದಾಚೆಯಿಂದ ಹೇಳಿದ ಹಾಗೆ, ತುಟಿ ಅಗಲಿಸಿ ಒಂದೇ ಮಾತು ಹೇಳಿದಳು.

‘ನಡಿ.’

ಭಾವ ಅವನ ಕಣ್ಣು ಹೋದ ಕಡೆ ತಿರುಗಿ ನೋಡಿದ. ತಂಗಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅಪ್ಪನ ಅಂಗಿಯ ತುದಿ ಜಗ್ಗಿ ಗುಬ್ಬಿ ಮೇಲಕ್ಕೆ ನೋಡಿದಳು. ತುಟಿ ಅಲುಗಿತು: ‘ಅಪ್ಪ, ಹೋಗೋಣ…’ ಅಷ್ಟು ಕಣ್ಣಿಗೆ ಬಿತ್ತು. ಉಳಿದದ್ದು ಬೀಳುವ ಮೊದಲು ಅವನು ಮುಖ ಎತ್ತಿಬಿಟ್ಟ. ಅಂಗಿ ಬಿಡಿಸಿಕೊಂಡ. ಭಾವನನ್ನು ಸುತ್ತಿ ಗೇಟು ದಾಟಿದ.

ಹಿಂದಿನಿಂದ ಪುಟ್ಟ ಚಪ್ಪಲಿಗಳು ಪಟಪಟ ಓಡಿ ಬಂದವು. ಮೊಣಕಾಲ ಹಿಂದೆ ಒಂದು ಗುದ್ದು ಬಿತ್ತು, ಇನ್ನೊಂದು ಬಿತ್ತು. ಅವನು ಕೈಯನ್ನಷ್ಟೇ ಹಿಂದಕ್ಕೆ ಚಾಚಿದ. ಅವಳಿಗೆ ಒಂದು ಬೆರಳು ಸಿಕ್ಕಿತು. ಅವಳು ಅದನ್ನು ಮುರಿಯುವ ಹಾಗೆ ತಿರುಚಿದಳು, ಜಗ್ಗಿದಳು, ನೇತಾಡಿದಳು. ಪಕ್ಕದಲ್ಲಿ ಕೆಳಗೆ ಒಂದು ಪುಟ್ಟ ಮುಖ ತನ್ನ ಕಡೆಗೇ ತಿರುಗಿ ಏನೇನೋ ಹೇಳುತ್ತಿದೆ ಎಂದು ನೋಡದೆಯೂ ಅವನಿಗೆ ಗೊತ್ತಿತ್ತು. ಬೈಗುಳವೇ ಇರಬೇಕು, ಅಪ್ಪನ ಮಗಳು.

“ಹೇಡಿ. ಕೊಟ್ಟ ಮಾತಿಗೆ ಬೆಲೆ ಇಲ್ವೇನೋ?” ಗೇಟಿನಿಂದ ಭಾವ ಕೂಗಿದ. ಬೀದಿಯವರು ತಿರುಗಿ ನೋಡಿದರು. “ಏಯ್, ನಿನ್ನನ್ನೇ ಕೇಳ್ತಿರೋದು.”

ಬೆರಳಿನ ಜಗ್ಗಾಟ ಒಂದೇ ಸಮನೆ ನಡೆದಿತ್ತು. ಅವನು ಎದುರಿನ ರಸ್ತೆಯ ಮೇಲೆ ಕಣ್ಣು ನೆಟ್ಟು, ಹಿಂದಿನವನಿಗೂ ಪಕ್ಕದವಳಿಗೂ ಉತ್ತರ ಕೊಡದೆ ನಡೆದ.